ಟಿಕೆಟ್ ಯುನೈಟೆಡ್‌ದು, ವಿಮಾನ ಸ್ಕೈವೆಸ್ಟ್‌ದು: ನಡುವೆ ಏನಾದರೂ ಆದರೆ ಹೊಣೆ ಯಾರದು?

ಬನಶಂಕರಿಯ ಓದುಗರೊಬ್ಬರ ಪ್ರಶ್ನೆ:

ನನ್ನ ತಮ್ಮ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಕೆಲಸದಲ್ಲಿದ್ದಾನೆ. ಅಪ್ಪ (72) ಮತ್ತು ಅಮ್ಮ (66) ಮೊದಲ ಸಲ ಅವನ ಮನೆಗೆ ಹೊರಟಿದ್ದಾರೆ. ಬೆಂಗಳೂರಿನಿಂದ ಲುಫ್ತಾನ್ಸಾ ವಿಮಾನದಲ್ಲಿ ಫ್ರಾಂಕ್‌ಫರ್ಟ್, ಅಲ್ಲಿಂದ ಶಿಕಾಗೋ, ಶಿಕಾಗೋದಿಂದ ಪಿಯೋರಿಯಾ, ಎಲ್ಲಾ ಒಂದೇ ಟಿಕೆಟ್. ಕೊನೆಯ ಹಾರಾಟದ ಕೆಳಗೆ ಮಾತ್ರ ಸಣ್ಣಕ್ಷರದಲ್ಲಿ 'ಯುನೈಟೆಡ್ ಎಕ್ಸ್‌ಪ್ರೆಸ್, ನಡೆಸುವವರು ಸ್ಕೈವೆಸ್ಟ್' ಎಂದಿದೆ. 50 ಸೀಟಿನ ವಿಮಾನ. ಶಿಕಾಗೋದಲ್ಲಿ ನಡುವೆ ಸಿಗುವುದು 1 ಗಂಟೆ 55 ನಿಮಿಷ. ನಮ್ಮ ಸಂಬಂಧಿಕರೊಬ್ಬರು, ಇಂಥ ಬಾಡಿಗೆ ಕಂಪನಿಗಳಲ್ಲಿ ಕಲಿಯುತ್ತಿರುವ ಪೈಲಟ್‌ಗಳಿರುತ್ತಾರೆ, ದೊಡ್ಡವರು ಬಿಸಾಕಿದ ವಿಮಾನ ಇರುತ್ತದೆ, 2025ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದದ್ದೂ ಇಂಥದ್ದೇ ಎಂದು ಹೆದರಿಸಿದ್ದಾರೆ. ಯುನೈಟೆಡ್ ಎಂದು ಹೇಳಿ ಬೇರೆಯವರ ವಿಮಾನ ಹತ್ತಿಸುವುದು ಮೋಸವಲ್ಲವೇ? ಅಪ್ಪ ಸ್ಕೈವೆಸ್ಟ್ ಕೌಂಟರ್ ಎಲ್ಲಿ ಹುಡುಕಬೇಕು? ವಿಮಾನ ತಪ್ಪಿದರೆ ಯಾರನ್ನು ಕೇಳಬೇಕು? ನಮ್ಮ ಏಜೆಂಟರು ಶಿಕಾಗೋವರೆಗೆ ಒಂದು, ಅಲ್ಲಿಂದ ಮುಂದೆ ಬೇರೆ ಇನ್ನೊಂದು ಟಿಕೆಟ್ ಮಾಡಿದರೆ ಒಟ್ಟಿನಲ್ಲಿ ಅಗ್ಗ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ:

ಸ್ಕೈವೆಸ್ಟ್ ಎಂಬ ಹೆಸರಿಗೆ ನೀವು ಹೆದರಬೇಕಿಲ್ಲ. ಯೋಚಿಸಬೇಕಾದದ್ದು ಆ 1 ಗಂಟೆ 55 ನಿಮಿಷದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಏಜೆಂಟರ ಅಗ್ಗದ ಸಲಹೆಯ ಬಗ್ಗೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಹಳೆಯ ಎಚ್‌ಎಎಲ್ ದಿನಗಳಿಂದ ದೇವನಹಳ್ಳಿಯವರೆಗೆ, ಟಿಕೆಟ್ ಮತ್ತು ಸಂಪರ್ಕ ವಿಮಾನಗಳ ಮೇಜಿನ ಹಿಂದೆ ಕೂತು ಕೆಲಸ ಮಾಡಿದವನು ನಾನು. ವಯಸ್ಸಾದ ತಂದೆ-ತಾಯಿ ಕಣ್ಣೀರು ಹಾಕಿದ್ದನ್ನು ಕಂಡಾಗಲೆಲ್ಲ ಕಾರಣ ಬಹುಪಾಲು ಒಂದೇ ಆಗಿರುತ್ತಿತ್ತು: ಎರಡು ವಿಮಾನಗಳ ನಡುವೆ ಸಮಯ ಸಾಲದೇ ಹೋದದ್ದು, ಅಥವಾ ಆ ಎರಡಕ್ಕೂ ಸಂಬಂಧವೇ ಇಲ್ಲದ ಟಿಕೆಟ್ ಇದ್ದದ್ದು. ವಿಮಾನ ಚಿಕ್ಕದಾಯಿತೆಂದು ಅತ್ತವರನ್ನು ನಾನು ನೋಡಿಲ್ಲ.

ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ನೀವು ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ ಹತ್ತಿರುತ್ತೀರಿ. ಬಸ್ಸೂ ಡ್ರೈವರೂ ಗುತ್ತಿಗೆ ಕಂಪನಿಯವರು. ಕಂಡಕ್ಟರ್, ಟಿಕೆಟ್, ಮಾರ್ಗ, ಬಣ್ಣ ಎಲ್ಲಾ ಬಿಎಂಟಿಸಿಯದು. ಬಸ್ಸಿನಲ್ಲಿ ಜನ ಇರಲಿ ಬಿಡಲಿ, ಕಂಪನಿಗೆ ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಹಣ ಸಲ್ಲುತ್ತದೆ. ಯುನೈಟೆಡ್ ಮತ್ತು ಸ್ಕೈವೆಸ್ಟ್ ನಡುವಿನ ಒಪ್ಪಂದವೂ ಇದೇ ಬಗೆಯದು. ವಿಮಾನ ಹಾರಿಸುವುದು, ಪೈಲಟ್ ಮತ್ತು ಗಗನಸಖಿಯರನ್ನು ನೇಮಿಸುವುದು, ರಿಪೇರಿ ನೋಡಿಕೊಳ್ಳುವುದು ಸ್ಕೈವೆಸ್ಟ್ ಕೆಲಸ. ಎಷ್ಟು ಹೊತ್ತಿಗೆ ಹೊರಡಬೇಕು, ಟಿಕೆಟಿಗೆ ಎಷ್ಟು, ಯಾವ ಸೀಟು ಯಾರಿಗೆ ಎಂಬುದೆಲ್ಲ ಯುನೈಟೆಡ್ ತೀರ್ಮಾನ. ಸಾಮಾನ್ಯವಾಗಿ ಇಂಧನದ ಖರ್ಚೂ ದೊಡ್ಡ ಕಂಪನಿಯ ತಲೆಗೇ ಬರುತ್ತದೆ. ಸೀಟು ಖಾಲಿ ಹೋದರೆ ನಷ್ಟ ಯುನೈಟೆಡ್‌ಗೆ, ಸ್ಕೈವೆಸ್ಟ್‌ಗಲ್ಲ.

ಸ್ಕೈವೆಸ್ಟ್ ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯೂ ಅಲ್ಲ. 1972ರಲ್ಲಿ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಲ್ಲಿ ಶುರುವಾಯಿತು. ಇವತ್ತು ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ನಾಲ್ಕೂ ಕಂಪನಿಗಳಿಗೆ ಅವರವರ ಬಣ್ಣದಲ್ಲಿ ವಿಮಾನ ಹಾರಿಸುತ್ತದೆ. ಈ ಪದ್ಧತಿಯೇ ಅಲ್ಲಿ ಹಳೆಯದು. 1967ರಲ್ಲಿ ಅಲೆಘೆನಿ ಏರ್‌ಲೈನ್ಸ್ ತನಗೆ ಲಾಭ ತಾರದ ಸಣ್ಣ ಊರಿನ ಮಾರ್ಗವನ್ನು ಹೆನ್ಸನ್ ಎಂಬ ಚಿಕ್ಕ ಕಂಪನಿಗೆ ತನ್ನದೇ ಹೆಸರಿನಲ್ಲಿ ಬಿಟ್ಟುಕೊಟ್ಟಿತು. 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದ ಮೇಲೆ ಶಿಕಾಗೋ, ಡೆನ್ವರ್, ಅಟ್ಲಾಂಟಾದಂಥ ದೊಡ್ಡ ಕೇಂದ್ರಗಳು ಬೆಳೆದವು. ಸುತ್ತಲಿನ ಸಣ್ಣ ಊರುಗಳಿಂದ ಅಲ್ಲಿಗೆ ಜನರನ್ನು ತಂದು ಮುಟ್ಟಿಸುವ ಕೆಲಸ ಇಂಥ ಕಂಪನಿಗಳ ಪಾಲಾಯಿತು.

ಸೀಟು 50, 76 ಎಂದೇ ಏಕೆ ಎಂದು ಕೆಲವರು ಕೇಳುತ್ತಾರೆ. ಅದು ಪೈಲಟ್ ಸಂಘಗಳ ಒಪ್ಪಂದದಿಂದ ಬಂದ ಮಿತಿ. ದೊಡ್ಡ ಕಂಪನಿಯ ಪೈಲಟ್‌ಗಳು ತಮ್ಮ ಕೆಲಸ ಕಡಿಮೆ ಸಂಬಳದ ಗುತ್ತಿಗೆದಾರರ ಕೈಗೆ ಹೋಗದಂತೆ, ಹೊರಗೆ ಕೊಡುವ ವಿಮಾನದಲ್ಲಿ 76ಕ್ಕಿಂತ ಹೆಚ್ಚು ಸೀಟು ಇರಕೂಡದು, ಇಷ್ಟೇ ತೂಕ ಇರಬೇಕು ಎಂದು ಕಟ್ಟು ಹಾಕಿದ್ದಾರೆ. ವಿಮಾನ ಚಿಕ್ಕದಿರುವುದು ಹಳೆಯದಾದ್ದರಿಂದಲ್ಲ.

ಹಾಗಾದರೆ ಇದು ಮೋಸವೇ? ಮುಚ್ಚಿಟ್ಟರೆ ಮೋಸ. ನಿಮ್ಮ ಟಿಕೆಟಿನ ಮೇಲೆ ಆ ಸಾಲು ಇರುವುದಕ್ಕೆ ಕಾರಣವೇ, ಮುಚ್ಚಿಡಬಾರದು ಎಂದು ಅಮೆರಿಕದ ಕಾನೂನು ಹೇಳುವುದು. ಆ ಕಾನೂನು ಬಿಗಿಯಾದದ್ದರ ಹಿಂದೆ ಒಂದು ದುರಂತವಿದೆ. ನಿಮ್ಮ ಸಂಬಂಧಿಕರ ಮಾತಿನಲ್ಲಿ ನಿಜ ಎಷ್ಟು, ಸುಳ್ಳೆಷ್ಟು ಎಂಬುದೂ ಅದರಿಂದಲೇ ಗೊತ್ತಾಗುತ್ತದೆ.

2009ರ ಫೆಬ್ರವರಿ 12ರ ರಾತ್ರಿ ನ್ಯೂವರ್ಕ್‌ನಿಂದ ಬಫಲೋಗೆ ಹೊರಟ ವಿಮಾನ ಇಳಿಯುವ ಮುನ್ನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜೀವ ಹೋಯಿತು. ವಿಮಾನದ ಮೇಲೆ ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯ ಹೆಸರಿತ್ತು, ಹಾರಿಸಿದ್ದು ಕೋಲ್ಗನ್ ಏರ್. ವೇಗ ಕುಸಿದು ಎಚ್ಚರಿಕೆ ಬಂದಾಗ ಮೂತಿಯನ್ನು ತಗ್ಗಿಸುವ ಬದಲು ಕ್ಯಾಪ್ಟನ್ ಮೇಲಕ್ಕೆಳೆದರು ಎಂದು ತನಿಖೆ ಹೇಳಿತು. ತರಬೇತಿಯ ಕೊರತೆ, ಪೈಲಟ್‌ಗಳ ದಣಿವು, ಕ್ಯಾಪ್ಟನ್ ಹಿಂದೆ ಪರೀಕ್ಷೆಗಳಲ್ಲಿ ಅನುತ್ತೀರ್ಣರಾಗಿದ್ದ ಸಂಗತಿ ಎಲ್ಲಾ ಹೊರಬಂತು. ತಮ್ಮವರು ಯಾವ ಕಂಪನಿಯ ವಿಮಾನ ಹತ್ತಿದ್ದರು ಎಂಬುದೇ ಎಷ್ಟೋ ಮನೆಯವರಿಗೆ ತಿಳಿದಿರಲಿಲ್ಲ. ಆ ಕುಟುಂಬಗಳು ಬಿಡದೆ ಹೋರಾಡಿದವು, 2010ರಲ್ಲಿ ಹೊಸ ಕಾನೂನು ಬಂತು. ಟಿಕೆಟ್ ಮಾರುವಾಗಲೇ ವಿಮಾನ ನಡೆಸುವವರ ಹೆಸರು ತೋರಿಸಬೇಕು ಎಂಬುದು ಅದರಲ್ಲೊಂದು. ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಿದ ಅನುಭವ ಬೇಕು ಎಂಬುದು ಇನ್ನೊಂದು. ಸೇನೆಯಿಂದ ಬಂದವರಿಗೆ, ವಿಮಾನಯಾನದಲ್ಲೇ ಪದವಿ ಪಡೆದವರಿಗೆ ಮಾತ್ರ ರಿಯಾಯಿತಿ. ಪೈಲಟ್‌ಗಳ ವಿಶ್ರಾಂತಿಯ ನಿಯಮವೂ ಬದಲಾಯಿತು. ಆ ಸಣ್ಣ ಸಾಲನ್ನು ನಾನು ಯಾವತ್ತೂ ಗೌರವದಿಂದ ನೋಡುತ್ತೇನೆ. ಅದನ್ನು ಬರೆಸಿದವರು ತಮ್ಮವರನ್ನು ಕಳೆದುಕೊಂಡವರು.

ನಮ್ಮಲ್ಲಿ 200 ಗಂಟೆ ಹಾರಿದವರಿಗೆ ವಾಣಿಜ್ಯ ಪೈಲಟ್ ಲೈಸೆನ್ಸ್ ಸಿಗುತ್ತದೆ. ಆಮೇಲೆ ಆಯಾ ವಿಮಾನದ ತರಬೇತಿ ಮುಗಿಸಿ ಸಹಪೈಲಟ್ ಆಗಬಹುದು. ಗಂಟೆಯ ಲೆಕ್ಕವೊಂದೇ ಪೈಲಟನ್ನು ತಯಾರು ಮಾಡುವುದಿಲ್ಲ ಎಂಬುದು ಬೇರೆ ಮಾತು. ಆದರೆ ಸ್ಕೈವೆಸ್ಟ್‌ನ ಬಲಬದಿ ಸೀಟಿನಲ್ಲಿ ಕೂತವರನ್ನು 'ಕಲಿಯುತ್ತಿರುವವರು' ಎನ್ನುವುದು ಸುಳ್ಳು. ಅಲ್ಲಿಯ ಪೈಲಟ್‌ಗಳು ದೊಡ್ಡ ಕಂಪನಿಯವರಿಗಿಂತ ಸಾಮಾನ್ಯವಾಗಿ ಕಿರಿಯರು, ಅನುಭವ ಬಂದಂತೆ ಹಲವರು ದೊಡ್ಡ ಕಂಪನಿಗೆ ಹೋಗುತ್ತಾರೆ ಎಂಬಷ್ಟು ಮಾತ್ರ ನಿಜ. ಸುರಕ್ಷತಾ ನಿಯಮ ಇಬ್ಬರಿಗೂ ಒಂದೇ. 10 ಅಥವಾ ಅದಕ್ಕಿಂತ ಹೆಚ್ಚು ಸೀಟಿನ ಇಂಥ ವಿಮಾನಗಳನ್ನು ದೊಡ್ಡ ಕಂಪನಿಗಳ ನಿಯಮದಡಿ ತರುವ ಆದೇಶ 1995ರಲ್ಲೇ ಆಗಿದೆ.

ಇನ್ನು ವಾಷಿಂಗ್ಟನ್ ಘಟನೆ. 2025ರ ಜನವರಿ 29ರಂದು ವಿಚಿಟಾದಿಂದ ಬಂದು ಇಳಿಯುತ್ತಿದ್ದ ಅಮೆರಿಕನ್ ಈಗಲ್ ವಿಮಾನಕ್ಕೂ ಸೇನೆಯ ಹೆಲಿಕಾಪ್ಟರ್‌ಗೂ ಆಕಾಶದಲ್ಲಿ ಡಿಕ್ಕಿಯಾಗಿ 67 ಜನ ತೀರಿಕೊಂಡರು. ಆ ವಿಮಾನ ನಡೆಸುತ್ತಿದ್ದದ್ದು ಪಿಎಸ್‌ಎ, ಅಮೆರಿಕನ್ ಏರ್‌ಲೈನ್ಸ್‌ನದೇ ಅಂಗಸಂಸ್ಥೆ. ಹೌದು, ಅದೂ ಇದೇ ಬಗೆಯ ವ್ಯವಸ್ಥೆ. ಆದರೆ ಇಳಿಯುವ ವಿಮಾನದ ದಾರಿಗೂ ಹೆಲಿಕಾಪ್ಟರ್ ದಾರಿಗೂ ನಡುವೆ ಅಂತರ ಸಾಲದೇ ಆದ ಅನಾಹುತ ಅದು. ಆ ಹೊತ್ತಿಗೆ ಆ ಜಾಗದಲ್ಲಿ ದೊಡ್ಡ ಬೋಯಿಂಗ್ ಇದ್ದಿದ್ದರೂ ಅಪಾಯ ಅದೇ ಇರುತ್ತಿತ್ತು. ಬಫಲೋ ದುರಂತದಿಂದ ಈ ಘಟನೆಯವರೆಗಿನ ಸುಮಾರು 16 ವರ್ಷ, ದಿನಕ್ಕೆ ಸಾವಿರಾರು ಇಂಥ ಹಾರಾಟ ನಡೆದರೂ, ಅಮೆರಿಕದ ಪ್ರಯಾಣಿಕ ವಿಮಾನಯಾನದಲ್ಲಿ ಈ ಮಟ್ಟದ ದುರಂತ ಆಗಲಿಲ್ಲ. ಸುರಕ್ಷತೆಯ ಲೆಕ್ಕದಲ್ಲಿ ನಾನು ನನ್ನ ಮನೆಯವರನ್ನು ಈ ವಿಮಾನ ಹತ್ತಿಸಲು ಹಿಂಜರಿಯುವುದಿಲ್ಲ.

ಈಗ ಶಿಕಾಗೋ. ನಿಮ್ಮ ಪತ್ರ ಓದಿದಾಗ ನನಗೆ ಚುಚ್ಚಿದ್ದು ಆ 1 ಗಂಟೆ 55 ನಿಮಿಷವೇ. ಟಿಕೆಟ್ ಮಾಡುವ ಸಾಫ್ಟ್‌ವೇರ್ ಇದನ್ನು ಒಪ್ಪುತ್ತದೆ, ಏಕೆಂದರೆ ನಿಲ್ದಾಣ ನಿಗದಿ ಮಾಡಿದ ಕನಿಷ್ಠ ಸಮಯಕ್ಕಿಂತ ಇದು ಹೆಚ್ಚು. ಆ ಕನಿಷ್ಠ ಸಮಯ, ದಾರಿ ಗೊತ್ತಿರುವ, ಓಡಬಲ್ಲ ಪ್ರಯಾಣಿಕರಿಗೆ ಸರಿ. ನಿಮ್ಮ ತಂದೆ-ತಾಯಿ ಅಲ್ಲಿ ಏನೇನು ದಾಟಬೇಕು ನೋಡಿ.

ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ವಲಸೆ ತಪಾಸಣೆ. ಫ್ರಾಂಕ್‌ಫರ್ಟ್ ವಿಮಾನ ಶಿಕಾಗೋದ 5ನೇ ಟರ್ಮಿನಲ್‌ಗೆ ಬರುತ್ತದೆ. ಮೊದಲ ಸಲ ಬಂದವರ ಬೆರಳಚ್ಚು, ಫೋಟೋ, ಯಾರ ಮನೆಗೆ, ಎಷ್ಟು ದಿನ ಎಂಬ ಪ್ರಶ್ನೆ. ಎರಡು ಮೂರು ದೊಡ್ಡ ವಿಮಾನ ಒಟ್ಟಿಗೆ ಇಳಿದರೆ ಸಾಲು ಒಂದು ಗಂಟೆ ದಾಟುವುದು ಅಪರೂಪವಲ್ಲ. ಆಮೇಲೆ ಪೆಟ್ಟಿಗೆ. ಬೆಂಗಳೂರಿನಲ್ಲಿ ಪಿಯೋರಿಯಾವರೆಗೆ ಟ್ಯಾಗ್ ಹಾಕಿದ್ದರೂ ಶಿಕಾಗೋದಲ್ಲಿ ಬೆಲ್ಟಿನಿಂದ ಕೈಯಾರೆ ಇಳಿಸಿಕೊಳ್ಳಬೇಕು, ಕಸ್ಟಮ್ಸ್ ದಾಟಿ, ಹೊರಗಿನ ಮರುಜಮೆ ಬೆಲ್ಟಿಗೆ ಹಾಕಬೇಕು. ಇದನ್ನು ತಿಳಿಯದೆ ಪೆಟ್ಟಿಗೆ ತಾನೇ ಬರುತ್ತದೆಂದು ಬರಿಗೈಲಿ ಹೊರನಡೆದವರು ಎಷ್ಟೋ ಮಂದಿ. ಅಲ್ಲಿಂದ ಟರ್ಮಿನಲ್‌ಗಳ ನಡುವಿನ ರೈಲು ಹತ್ತಿ ಯುನೈಟೆಡ್‌ನ ದೇಶೀಯ ಟರ್ಮಿನಲ್‌ಗೆ ಹೋಗಬೇಕು. ಅಲ್ಲಿ ಮತ್ತೆ ಭದ್ರತಾ ತಪಾಸಣೆ. ಫ್ರಾಂಕ್‌ಫರ್ಟ್‌ನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿ ಇದ್ದರೆ ಮರುಜಮೆಗೆ ಮುನ್ನ ಪೆಟ್ಟಿಗೆಯೊಳಗೆ ಸೇರಬೇಕು, ಕೈಯಲ್ಲಿದ್ದರೆ ತೆಗೆಸಿಬಿಡಬಹುದು. ಇಷ್ಟೆಲ್ಲ ಆದ ಮೇಲೆ ಗೇಟು. ಹೊರಡುವ ಹೊತ್ತಿಗೆ ಕಾಲು ಗಂಟೆ ಮೊದಲೇ ಬಾಗಿಲು ಮುಚ್ಚುತ್ತಾರೆ.

ಫ್ರಾಂಕ್‌ಫರ್ಟ್ ವಿಮಾನ ಅರ್ಧ ಗಂಟೆ ತಡವಾದರೆ ಈ ಲೆಕ್ಕ ಮುರಿದುಬೀಳುತ್ತದೆ. ಮೊದಲ ಸಲದ ಹಿರಿಯರಿಗೆ ಇಲ್ಲಿ ಮೂರೂವರೆ, ನಾಲ್ಕು ಗಂಟೆ ಇಡಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ಕುರ್ಚಿಯಲ್ಲಿ ಕೂತು ಕಾಯುವುದು ಬೇಸರ, ನಿಜ. ತಪ್ಪಿಸಿಕೊಂಡು ರಾತ್ರಿ ಕಳೆಯುವುದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಇಲ್ಲಿ ಸಣ್ಣ ಊರುಗಳನ್ನು ಬೆಸೆಯುವ ಇಂಥ ಫೀಡರ್ ವಿಮಾನಗಳ ನಿಜವಾದ ದೌರ್ಬಲ್ಯ ಹೇಳಬೇಕು, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಶಿಕಾಗೋದಲ್ಲಿ ಬೇಸಿಗೆಯ ಗುಡುಗುಮಳೆಯೋ ಚಳಿಗಾಲದ ಹಿಮವೋ ಬಂದು ಗಂಟೆಗೆ ಇಳಿಯಬಹುದಾದ ವಿಮಾನಗಳ ಸಂಖ್ಯೆಯನ್ನು ಇಳಿಸಿದಾಗ, ಯಾವುದನ್ನು ರದ್ದು ಮಾಡಬೇಕು ಎಂದು ದೊಡ್ಡ ಕಂಪನಿ ಲೆಕ್ಕ ಹಾಕುತ್ತದೆ. 300 ಜನರ ಅಂತರರಾಷ್ಟ್ರೀಯ ವಿಮಾನ ನಿಲ್ಲಿಸುವುದಕ್ಕಿಂತ 50 ಜನರ ಪಿಯೋರಿಯಾ ವಿಮಾನ ನಿಲ್ಲಿಸುವುದು ಅವರಿಗೆ ಸುಲಭ. ಹಾಗಾಗಿ ಮೊದಲು ಬೀಳುವುದು ಇವೇ. ದಿನದ ಕೊನೆಯ ಹಾರಾಟ ರದ್ದಾದರೆ ಮರುದಿನವೇ ಗತಿ. ಆದ್ದರಿಂದ ಪಿಯೋರಿಯಾಗೆ ಹೋಗುವ ದಿನದ ಕಡೆಯ ವಿಮಾನಕ್ಕೆ ಟಿಕೆಟ್ ಬೇಡ. ನಿಮ್ಮ ವಿಮಾನದ ನಂತರವೂ ಒಂದು ವಿಮಾನ ಇರುವಂತೆ ನೋಡಿಕೊಳ್ಳಿ. ಹೀಗೆಯೇ, ಟಿಕೆಟಿನಲ್ಲಿ ವಿಮಾನದ ನಂಬರ್ ಇದ್ದರೂ ಕೆಲವು ಸಣ್ಣ ಊರುಗಳಿಗೆ ಹೋಗುವುದು ಬಸ್ಸು. ಫಿಲಡೆಲ್ಫಿಯಾ ಮತ್ತು ಅಲೆನ್‌ಟೌನ್ ನಡುವೆ ಅಮೆರಿಕನ್ ಏರ್‌ಲೈನ್ಸ್ ಹೀಗೆ ಮಾಡಿದೆ. ನಿಮ್ಮದು ವಿಮಾನವೇ, ಆದರೆ ಬೇರೆ ಓದುಗರು ಟಿಕೆಟ್ ಕೊಳ್ಳುವಾಗ ವಾಹನ ಯಾವುದೆಂದು ಒಮ್ಮೆ ನೋಡಿಕೊಳ್ಳಲಿ.

ಹೊಣೆಯ ಪ್ರಶ್ನೆಗೆ ಬರೋಣ. ಒಂದೇ ಟಿಕೆಟ್ ಇದ್ದರೆ, ಹಿಂದಿನ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ದುಡ್ಡು ಕೇಳದೆ ಮುಂದಿನ ವಿಮಾನದಲ್ಲಿ ಸೀಟು ಕೊಡುವುದು ಅವರ ಕೆಲಸ. ಸ್ಕೈವೆಸ್ಟ್ ಕೌಂಟರ್ ಹುಡುಕಬೇಡಿ, ಪ್ರಯಾಣಿಕರಿಗೆಂದು ಅಂಥದ್ದು ಇರುವುದಿಲ್ಲ. ಬೋರ್ಡು, ಗೇಟು, ಸಹಾಯದ ಮೇಜು ಎಲ್ಲದರ ಮೇಲೂ ಯುನೈಟೆಡ್ ಎಂದೇ ಇರುತ್ತದೆ, ಕೇಳಬೇಕಾದದ್ದೂ ಅವರನ್ನೇ. ಕಾರಣ ಕಂಪನಿಯದೇ ಆಗಿದ್ದು ರಾತ್ರಿ ಉಳಿಯಬೇಕಾಗಿ ಬಂದರೆ ಅಮೆರಿಕದ ದೊಡ್ಡ ಕಂಪನಿಗಳು ಹೋಟೆಲ್ ಕೊಡುತ್ತವೆ. ಮಳೆ, ಹಿಮದ ಕಾರಣವಾದರೆ ಕೊಡಬೇಕೆಂಬ ಕಟ್ಟಳೆ ಅಲ್ಲಿಲ್ಲ, ಅದಕ್ಕೆ ನಿಮ್ಮ ತಮ್ಮ ಸಿದ್ಧವಿರಲಿ. ವಿಮಾನ ರದ್ದಾಗಿ, ಬದಲಿ ವ್ಯವಸ್ಥೆ ಬೇಡವೆಂದರೆ ಹಾರದ ಭಾಗದ ಹಣ ವಾಪಸು ಪಡೆಯುವ ಹಕ್ಕು 2024ರ ನಿಯಮದಿಂದ ಇನ್ನಷ್ಟು ಗಟ್ಟಿಯಾಗಿದೆ.

ಪೆಟ್ಟಿಗೆ ಕಳೆದರೆ, ಪ್ರಯಾಣಿಕರಿಗೆ ಪೆಟ್ಟಾದರೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಅದಕ್ಕೆ ಸೇರಿತು. ಒಂದೇ ಪ್ರಯಾಣವೆಂದು ಮಾಡಿಸಿದ ಟಿಕೆಟಿನಲ್ಲಿ ಶಿಕಾಗೋ-ಪಿಯೋರಿಯಾ ಎಂಬ ಪುಟ್ಟ ದೇಶೀಯ ತುಂಡೂ ಅಂತರರಾಷ್ಟ್ರೀಯ ಪ್ರಯಾಣದ ಭಾಗವೇ. ನಿಮ್ಮ ಪ್ರಶ್ನೆಗೆ ಆ ಒಪ್ಪಂದದ ಉತ್ತರ ನೇರವಾಗಿದೆ: ಟಿಕೆಟಿನ ಕರಾರು ಮಾಡಿಕೊಂಡವರೂ ನಿಜವಾಗಿ ಹಾರಿಸಿದವರೂ, ಆ ಹಾರಾಟದ ಮಟ್ಟಿಗೆ, ಇಬ್ಬರೂ ಹೊಣೆ. 'ಅವರನ್ನು ಕೇಳಿ' ಎಂದು ಒಬ್ಬರ ಮೇಲೊಬ್ಬರು ಹಾಕಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಪೆಟ್ಟಿಗೆ ಮುರಿದಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಈ ಎಲ್ಲ ರಕ್ಷಣೆ ನಿಂತಿರುವುದು ಒಂದೇ ಟಿಕೆಟ್ ಎಂಬುದರ ಮೇಲೆ. ಏಜೆಂಟರ ಅಗ್ಗದ ದಾರಿಯಲ್ಲಿ ಶಿಕಾಗೋಗೆ ಬಂದಿಳಿದಲ್ಲಿಗೆ ಮೊದಲ ಕರಾರು ಮುಗಿಯಿತು. ಎರಡನೆಯ ವಿಮಾನ ತಪ್ಪಿದರೆ 'ಬರಲಿಲ್ಲ' ಎಂದು ಬರೆದುಕೊಳ್ಳುತ್ತಾರೆ, ಆವತ್ತಿನ ದರಕ್ಕೆ ಹೊಸ ಟಿಕೆಟ್ ಕೊಳ್ಳಬೇಕು. ಒಂದೇ ಟಿಕೆಟಿನಲ್ಲಿ ಮೊದಲ ಕಂಪನಿಯ ತೂಕದ ಮಿತಿ ಕೊನೆಯವರೆಗೂ ನಡೆಯುತ್ತದೆ. ಬೇರೆ ಟಿಕೆಟಿನಲ್ಲಿ ಪ್ರತಿ ಪೆಟ್ಟಿಗೆಗೂ ಮತ್ತೆ ಹಣ. ಉಳಿತಾಯದ ಒಳ್ಳೆಯ ಪಾಲು ಅಲ್ಲೇ ಹೋಯಿತು. ಇದು ಅಮೆರಿಕದ ಸಮಸ್ಯೆಯೆಂದು ತಿಳಿಯಬೇಡಿ. ಹುಬ್ಬಳ್ಳಿಯಿಂದ ಒಂದು ಟಿಕೆಟ್, ದೇವನಹಳ್ಳಿಯಿಂದ ವಿದೇಶಕ್ಕೆ ಇನ್ನೊಂದು ಟಿಕೆಟ್ ಮಾಡಿಸಿಕೊಂಡು, ಮೊದಲನೆಯದು ಮಂಜಿನಿಂದ ತಡವಾಗಿ, ಎರಡನೆಯದು ಕಣ್ಣೆದುರೇ ಹೊರಟದ್ದನ್ನು ಗಾಜಿನಾಚೆ ನೋಡುತ್ತಾ ನಿಂತ ದಂಪತಿಗಳಿಗೆ ನಾನು 'ನಮ್ಮಿಂದ ಏನೂ ಆಗದು' ಎಂದು ಹೇಳಬೇಕಾಗಿ ಬಂದಿದೆ. ಹೇಳುವವರಿಗೂ ಅದು ಹಿಂಸೆ.

ನಿಮ್ಮ ತಮ್ಮ ಕಾರಿನಲ್ಲಿ ಶಿಕಾಗೋಗೇ ಬಂದು ಕರೆದೊಯ್ಯಬಹುದೇ? ಖಂಡಿತ, ಒಳ್ಳೆಯ ದಾರಿ. ಸುಮಾರು 270 ಕಿಲೋಮೀಟರ್, ಮೂರು ಗಂಟೆಯೊಳಗಿನ ದಾರಿ, ಕಾಯುವ ಹೊತ್ತನ್ನು ಸೇರಿಸಿದರೆ ವಿಮಾನದಷ್ಟೇ ಸಮಯ. ಆದರೆ ಹಾಗೆ ಮಾಡುವುದಾದರೆ ಟಿಕೆಟನ್ನೇ ಬೆಂಗಳೂರು-ಶಿಕಾಗೋ ಎಂದು ಮಾಡಿಸಿ. ಪಿಯೋರಿಯಾವರೆಗೆ ಟಿಕೆಟ್ ಇಟ್ಟುಕೊಂಡು, 'ಮಗ ಬಂದಿದ್ದಾನಲ್ಲ' ಎಂದು ಕೊನೆಯ ತುಂಡನ್ನು ಹತ್ತದೆ ಬಿಟ್ಟರೆ, ಕಂಪ್ಯೂಟರು ಉಳಿದ ಎಲ್ಲವನ್ನೂ, ಮರಳಿ ಬರುವ ಟಿಕೆಟನ್ನೂ, ರದ್ದು ಮಾಡಿಬಿಡುತ್ತದೆ. ಮೂರು ನಾಲ್ಕು ತಿಂಗಳ ಮೇಲೆ ಹೊರಡುವ ದಿನ ಇದು ಗೊತ್ತಾದರೆ ಆ ಖರ್ಚು ದೊಡ್ಡದು. ಕಾರಿನಲ್ಲಿ ಹೋಗಲೇಬೇಕಾಗಿ ಬಂದರೆ ಮೊದಲು ಕಂಪನಿಗೆ ಹೇಳಿ, ಟಿಕೆಟ್ ಬದಲಿಸಿಕೊಂಡು, ಆಮೇಲೆ ನಿಲ್ದಾಣ ಬಿಡಲಿ.

ವಿಮಾನದ ಬಗ್ಗೆ ಒಂದೆರಡು ಮಾತು. 50 ಸೀಟಿನ ಈ ವಿಮಾನದಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಚಕ್ರದ ಕೈಪೆಟ್ಟಿಗೆಯನ್ನು ಬಾಗಿಲ ಬಳಿಯೇ ಟ್ಯಾಗ್ ಹಾಕಿ ಕೆಳಗಿಡುತ್ತಾರೆ, ಇಳಿದಾಗ ಸಾಮಾನ್ಯವಾಗಿ ಅಲ್ಲೇ ಕೊಡುತ್ತಾರೆ. ಅದಕ್ಕೆ ಗಾಬರಿ ಬೇಡ. ಅಪ್ಪನ ಮಾತ್ರೆ, ಪಾಸ್‌ಪೋರ್ಟ್, ಅಮ್ಮನ ಒಡವೆ, ಪವರ್ ಬ್ಯಾಂಕ್ ಮಾತ್ರ ಹೆಗಲಚೀಲದಲ್ಲಿರಲಿ, ಪವರ್ ಬ್ಯಾಂಕನ್ನು ಕೆಳಗೆ ಕಳಿಸಲು ನಿಯಮವೇ ಬಿಡುವುದಿಲ್ಲ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯೂ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರವೇ ಏಜೆಂಟರಿಗೆ ಫೋನ್ ಮಾಡಿ, ಇದೇ ಟಿಕೆಟಿನಲ್ಲಿ ಶಿಕಾಗೋದಿಂದ ಹೊರಡುವ ಮುಂದಿನ ಪಿಯೋರಿಯಾ ವಿಮಾನಕ್ಕೆ ಬದಲಿಸಲು ಕೇಳುತ್ತಿದ್ದೆ. ಸ್ವಲ್ಪ ಹಣ ಕೇಳಿದರೂ ಕೊಡಿ. ಆ ಹೊತ್ತಿಗೆ ವಿಮಾನವೇ ಇಲ್ಲವಾದರೆ ಶಿಕಾಗೋವರೆಗೆ ಟಿಕೆಟ್, ಮುಂದಕ್ಕೆ ತಮ್ಮನ ಕಾರು. ಇಬ್ಬರಿಗೂ ಗಾಲಿಕುರ್ಚಿ ಸಹಾಯ ಈಗಲೇ ಬರೆಸಿ. ಅದಕ್ಕೆ ದುಡ್ಡಿಲ್ಲ, ವಲಸೆಯ ಸಾಲಿನಿಂದ ಹಿಡಿದು ರೈಲಿನವರೆಗೆ ಒಬ್ಬರು ಜೊತೆಗಿರುತ್ತಾರೆ, ಇಂಗ್ಲಿಷ್ ಬಾರದ ಅಮ್ಮನಂಥವರಿಗೆ ಅದೇ ದೊಡ್ಡ ಧೈರ್ಯ. ಆ ಕೋರಿಕೆ ಲುಫ್ತಾನ್ಸಾದಿಂದ ಯುನೈಟೆಡ್‌ಗೆ ದಾಟದೇ ಉಳಿಯುವುದುಂಟು. ಎರಡೂ ಕಂಪನಿಗಳ ಬುಕಿಂಗ್ ಸಂಕೇತ ಬೇರೆ ಬೇರೆ ಇರುತ್ತದೆ, ಏಜೆಂಟರಿಂದ ಎರಡನ್ನೂ ಕೇಳಿ ಪಡೆದು ಇಬ್ಬರ ಬಳಿಯೂ ಖಚಿತ ಮಾಡಿಕೊಳ್ಳಿ. ಕೊನೆಯ ವಿಮಾನಕ್ಕೆ ಎರಡು ನಂಬರ್ ಇರಬಹುದು, ಒಂದು ಲುಫ್ತಾನ್ಸಾದು, ಒಂದು ಯುನೈಟೆಡ್‌ದು. ಶಿಕಾಗೋದ ಪರದೆಯ ಮೇಲೆ ಹುಡುಕಬೇಕಾದದ್ದು ಯುನೈಟೆಡ್ ನಂಬರ್ ಮತ್ತು ಪಿಯೋರಿಯಾ ಎಂಬ ಹೆಸರು. ಅವೆರಡನ್ನೂ, ತಮ್ಮನ ವಿಳಾಸ-ಫೋನ್ ಸಮೇತ, ದೊಡ್ಡ ಅಕ್ಷರದಲ್ಲಿ ಒಂದು ಕಾಗದದಲ್ಲಿ ಬರೆದು ಅಪ್ಪನ ಜೇಬಿಗೂ ಅಮ್ಮನ ಚೀಲಕ್ಕೂ ಒಂದೊಂದು ಪ್ರತಿ ಹಾಕಿ. ಮರಳಿ ಬರುವಾಗ ಪೆಟ್ಟಿಗೆ ಪಿಯೋರಿಯಾದಲ್ಲೇ ಬೆಂಗಳೂರಿಗೆ ಟ್ಯಾಗ್ ಆಗುತ್ತದೆ, ನಡುವೆ ಎಲ್ಲೂ ಇಳಿಸಿಕೊಳ್ಳಬೇಕಿಲ್ಲ. ಆವತ್ತು ಮಾತ್ರ ಫ್ರಾಂಕ್‌ಫರ್ಟ್ ವಿಮಾನಕ್ಕೆ ನಾಲ್ಕೈದು ಗಂಟೆ ಮೊದಲೇ ಶಿಕಾಗೋ ಮುಟ್ಟುವ ವಿಮಾನವನ್ನೇ ಆರಿಸಿಕೊಳ್ಳಿ.